ಆ ಮಗುವನ್ನೂ ಕುಣಿತದ ಸಾಲಿಗೆ ಕರೆಯಿರಿ



ವಾರ್ಷಿಕೋತ್ಸವದ ತಾಲೀಮು ನಡೆಯುವಾಗ ಒಮ್ಮೆ ನಿಮ್ಮ ಶಾಲೆಯ ಅಂಗಳಕ್ಕೆ ಹೋಗಿ ನಿಲ್ಲಿ. ಕಣ್ಣು ಕಾಣದ ಮಗುವೋ ಮಂದದೃಷ್ಟಿಯ ಮಗುವೋ ಆ ಶಾಲೆಯಲ್ಲಿದ್ದರೆ ಅದು ಎಲ್ಲಿದೆ ಎಂದು ಹುಡುಕಿ. ಬಹುಪಾಲು ಪ್ರಾರ್ಥನೆ ಹಾಡುವ ಗುಂಪಿನಲ್ಲಿ ಸಿಗುತ್ತದೆ. ಹಾಡಲು ಬಾರದ ಮಗುವಾದರೆ ಜಗಲಿಯ ಕಂಬಕ್ಕೆ ಒರಗಿ ಕುಳಿತಿರುತ್ತದೆ. "ಅದಕ್ಕೆ ಕಂಠ ಚೆನ್ನಾಗಿದೆ, ಹಾಡಲಿ ಬಿಡಿ" ಎಂದು ಟೀಚರೂ ಹೇಳುತ್ತಾರೆ, ತಾಯಿಯೂ ಹೇಳುತ್ತಾಳೆ. ಕೋಲಾಟಕ್ಕೆ ಸೇರಿಸಿಕೊಳ್ಳಿ ಎಂದು ಯಾರಾದರೂ ಕೇಳಿದ್ದನ್ನು ನಾನು ಕಂಡದ್ದು ಅಪರೂಪ. ಈ ಲೇಖನ ಅದನ್ನು ಕೇಳುವುದಕ್ಕಾಗಿ.

ಕಣ್ಣಿಲ್ಲದವರಿಗೆ ಕುಣಿತ ಕಲಿಸುವುದು ಹೊಸ ಮಾತೇನಲ್ಲ. ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ 1969ರಲ್ಲಿ ಆರಂಭವಾದದ್ದು. ಅಲ್ಲಿನ ವಿದ್ಯಾರ್ಥಿಗಳು ಭರತನಾಟ್ಯವನ್ನೂ ಜಾನಪದ ನೃತ್ಯವನ್ನೂ ಕಲಿತು ವೇದಿಕೆ ಏರಿದ್ದಾರೆ. ಬ್ರೆಜಿಲಿನ ಸಾವೊ ಪಾಲೊದಲ್ಲಿ ಫರ್ನಾಂಡಾ ಬಿಯಾಂಕಿನಿ ಎಂಬ ಶಿಕ್ಷಕಿ 1995ರಿಂದ ಅಂಧ ಮಕ್ಕಳಿಗೆ ಬ್ಯಾಲೆ ಕಲಿಸುತ್ತ ಬಂದಿದ್ದಾರೆ. ನನಗೆ ಹೆಚ್ಚು ಹಿಡಿಸಿದ್ದು ಕ್ಯೂಬಾದ ಅಲಿಸಿಯಾ ಅಲೊನ್ಸೊ ಅವರ ಕಥೆ. ಇಪ್ಪತ್ತರ ಆಸುಪಾಸಿನಲ್ಲಿ ಆಕೆಯ ಕಣ್ಣಿನ ಅಕ್ಷಿಪಟಲ ಕಳಚಿತು. ಶಸ್ತ್ರಚಿಕಿತ್ಸೆಗಳಾಗಿ ತಿಂಗಳುಗಟ್ಟಲೆ ಅಲುಗಾಡದೆ ಮಲಗಬೇಕಾಯಿತು. ಆಗ ಹಾಸಿಗೆಯ ಮೇಲೆ ಬೆರಳುಗಳನ್ನೇ ಕಾಲುಗಳಂತೆ ಆಡಿಸಿ 'ಜಿಸೆಲ್' ನೃತ್ಯನಾಟಕದ ಹೆಜ್ಜೆಗಳನ್ನು ಆಕೆ ಅಭ್ಯಾಸ ಮಾಡಿದರು. 1943ರಲ್ಲಿ ನ್ಯೂಯಾರ್ಕಿನಲ್ಲಿ ಅದೇ ಪಾತ್ರಕ್ಕೆ ಬದಲಿಯಾಗಿ ನಿಂತು ಹೆಸರಾದರು. ಆಮೇಲೆ ಆಕೆಗಾಗಿ ವೇದಿಕೆಯಲ್ಲಿ ಬಣ್ಣದ ಪ್ರಖರ ದೀಪಗಳನ್ನು ಹೊಂದಿಸುತ್ತಿದ್ದರು; ಆ ಬೆಳಕಿನ ಗುರುತು ಹಿಡಿದು ಅಂಚು ಎಲ್ಲಿ, ನಡು ಎಲ್ಲಿ ಎಂದು ಆಕೆ ತಿಳಿಯುತ್ತಿದ್ದರು. ಎಪ್ಪತ್ತು ದಾಟುವವರೆಗೂ ಕುಣಿದರು. ದೀಪ ಎಂದರೆ ಎಷ್ಟು ಸಾಮಾನ್ಯವಾದ ಸಲಕರಣೆ, ನೋಡಿ.

ಈಗ ನೀವು ಹೇಳುವ ಮಾತು ನನಗೆ ಗೊತ್ತಿದೆ. "ಸಾರ್, ನಮ್ಮ ಕನ್ನಡ ಶಾಲೆಗೆ ಗಣಿತದ ಮೇಷ್ಟರೇ ಇಲ್ಲ, ನೀವು ಡ್ಯಾನ್ಸ್ ಎನ್ನುತ್ತೀರಿ, ಅದರಲ್ಲೂ ತಂತ್ರಜ್ಞಾನ ಎನ್ನುತ್ತೀರಿ." ಮೇಷ್ಟರ ಕೊರತೆ ನಿಜ. ಅದಕ್ಕೆ ಅರ್ಜಿ ಹಾಕುತ್ತಲೇ ಇರೋಣ. ಆದರೆ ನಮ್ಮ ತಾಳವಾಡಿಯಂಥ ಕಡೆ ಕಣ್ಣು ಕಾಣದ ಮಗುವಿಗೆ ಇರುವ ದಾರಿ ಯಾವುದು, ಯೋಚಿಸಿ. ದಿಂಬಂ ಘಾಟಿ ಇಳಿದು ತಮಿಳು ಮಾಧ್ಯಮದ ವಿಶೇಷ ಶಾಲೆಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಮೈಸೂರಿನ ಕಡೆ ಹಾಸ್ಟೆಲಿಗೆ ಸೇರಬೇಕು. ಎರಡೂ ಬೇಡವೆಂದು ಊರಿನ ಕನ್ನಡ ಶಾಲೆಯಲ್ಲೇ ಉಳಿದ ಮಗುವಿಗೆ ಪಾಠ ಕಿವಿಯ ಮೇಲೆ ನಡೆಯುತ್ತದೆ, ಆಟದ ಪೀರಿಯಡ್ಡು ಕಂಬದ ಪಕ್ಕದಲ್ಲಿ ಕಳೆಯುತ್ತದೆ. ಓಡದೆ, ನೆಗೆಯದೆ, ಸದಾ ಕೈ ಮುಂದೆ ಚಾಚಿ ನಡೆಯುವ ಮಗುವಿನ ಬೆನ್ನು ಬಾಗುತ್ತದೆ, ತಲೆ ತಗ್ಗುತ್ತದೆ, ಹೆಜ್ಜೆ ಎಳೆದುಕೊಂಡು ಹೋಗುತ್ತದೆ. ಕುಣಿತ ಆ ಮೈಗೆ ಬೇಕು. ಉತ್ಸವದ ಚಂದಕ್ಕಾಗಿ ನಾನು ಕೇಳುತ್ತಿಲ್ಲ.

ಕಾಣುವ ಮಗು ಕುಣಿತ ಕಲಿಯುವುದು ನಕಲು ಮಾಡಿ. ಟೀಚರ್ ಮುಂದೆ ನಿಂತು ಕೈ ಎತ್ತಿದರೆ ನಲವತ್ತು ಕೈಗಳು ಮೇಲೇಳುತ್ತವೆ, ಬಾಯಿ ಬಿಡುವ ಅಗತ್ಯವೇ ಇಲ್ಲ. ಈ ಮೌನ ಪಾಠ ಕಣ್ಣಿಲ್ಲದ ಮಗುವಿಗೆ ತಲುಪುವುದಿಲ್ಲ. ಏನೇನು ತಲುಪುವುದಿಲ್ಲ ಎಂದು ಬಿಡಿಸಿ ನೋಡಿದರೆ ಕೆಲಸ ಅರ್ಧ ಹಗುರ. ಕಾಲ, ಅಂದರೆ ಯಾವಾಗ ಹೆಜ್ಜೆ ಇಡಬೇಕು ಎಂಬುದು, ತಲುಪುತ್ತದೆ. ತಾಳ ಕಿವಿಯ ವಿಷಯ. ಭರತನಾಟ್ಯದ ಗುರು ತಟ್ಟುಕೋಲಿನಿಂದ ಮಣೆಯ ಮೇಲೆ ತಟ್ಟುತ್ತ ಬಾಯಲ್ಲಿ ಸೊಲ್ಲುಕಟ್ಟು ಹೇಳುತ್ತಾರೆ. ಯಾವ ಅಡವಿಗೆ ಯಾವ ಸೊಲ್ಲು ಎಂಬುದು ಮೊದಲೇ ಗೊತ್ತಿರುವುದರಿಂದ ಶಬ್ದ ಕೇಳಿದೊಡನೆ ಹೆಜ್ಜೆ ಬರುತ್ತದೆ. ತಲುಪದೆ ಉಳಿಯುವುದು ಎರಡು: ಮೈ ಯಾವ ಆಕಾರದಲ್ಲಿರಬೇಕು, ಯಾವ ದಿಕ್ಕಿಗೆ ಹೋಗಬೇಕು. ತಂತ್ರಜ್ಞಾನ ಬೇಕಾಗಿರುವುದು ಈ ಎರಡಕ್ಕೆ.

ಹೊರಗಿನ ಜಗತ್ತಿನಲ್ಲಿ ಇದಕ್ಕೆ ಏನೇನು ಮಾಡಿದ್ದಾರೆ? ನಾನು ಓದಿದ್ದರಲ್ಲಿ ಒಂದು ಪ್ರಯೋಗ ನಿಮಗೆ ಹೇಳುವಂಥದ್ದು. ಮೈಕ್ರೊಸಾಫ್ಟ್ ಕಂಪನಿ 2010ರಲ್ಲಿ ಕೈನೆಕ್ಟ್ ಎಂಬ ಕ್ಯಾಮೆರಾವನ್ನು ವಿಡಿಯೊ ಆಟಗಳಿಗಾಗಿ ಮಾರಾಟಕ್ಕೆ ತಂದಿತು. ಎದುರಿಗೆ ನಿಂತವರ ಮೈ ಎಷ್ಟು ದೂರದಲ್ಲಿದೆ, ಕೀಲುಗಳು ಎಲ್ಲಿವೆ ಎಂದು ಅದು ಅಳೆಯುತ್ತಿತ್ತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ಇದನ್ನು ಬಳಸಿ ಅಂಧರಿಗೆ ಯೋಗಾಸನ ಕಲಿಸುವ ಒಂದು ವ್ಯವಸ್ಥೆ ಮಾಡಿದರು. ಆಸನ ಹೇಗೆ ಹಾಕಬೇಕೆಂದು ಯಂತ್ರ ಮಾತಿನಲ್ಲಿ ಹೇಳುತ್ತದೆ. ಕೈ ತಗ್ಗಿದ್ದರೆ ಎತ್ತು ಎನ್ನುತ್ತದೆ, ಬೆನ್ನು ವಾಲಿದ್ದರೆ ನೆಟ್ಟಗೆ ಮಾಡು ಎನ್ನುತ್ತದೆ. ಕಾಣುವವರ ಹಂಗಿಲ್ಲದೆ ತಿದ್ದಿಕೊಳ್ಳುವ ದಾರಿ ಅದು. ಒಳ್ಳೆಯ ಕೆಲಸ. ಆದರೆ 2017ರಲ್ಲಿ ಕಂಪನಿ ಆ ಕ್ಯಾಮೆರಾ ತಯಾರಿಸುವುದನ್ನೇ ನಿಲ್ಲಿಸಿತು. ಉಪಕರಣ ಕೊಡಿಸುತ್ತೇವೆ ಎಂದು ದಾನಿಗಳು ಶಾಲೆಗೆ ಬಂದಾಗ ಈ ಸಂಗತಿ ನಿಮ್ಮ ನೆನಪಿನಲ್ಲಿರಲಿ. ಕೆಟ್ಟರೆ ರಿಪೇರಿ ಎಲ್ಲಿ, ಕಂಪನಿ ಕೈಬಿಟ್ಟರೆ ಗತಿ ಏನು ಎಂದು ಮೊದಲೇ ಕೇಳಿ.

ಈಗ ಅದೇ ಕೆಲಸಕ್ಕೆ ಬೇರೆ ಕ್ಯಾಮೆರಾ ಬೇಕಿಲ್ಲ. ಸಾಮಾನ್ಯ ಮೊಬೈಲಿನ ಕ್ಯಾಮೆರಾದಿಂದಲೇ ಮೈಯ 33 ಬಿಂದುಗಳನ್ನು ಗುರುತಿಸುವ ತಂತ್ರಾಂಶವನ್ನು ಗೂಗಲ್ 2020ರಲ್ಲಿ ಬಿಡುಗಡೆ ಮಾಡಿತು. ಅಂಗೈ ಒಂದಕ್ಕೇ 21 ಬಿಂದುಗಳನ್ನು ಹಿಡಿಯುವ ಇನ್ನೊಂದು ಉಂಟು. ಇಂಥವುಗಳ ಮೇಲೆ ಯಾರು ಬೇಕಾದರೂ ಪಾಠದ ಆಪ್ ಕಟ್ಟಬಹುದು. ಕೊರತೆಯೂ ಇದೆ: ಒಂದು ಕಾಲು ಇನ್ನೊಂದರ ಹಿಂದೆ ಮರೆಯಾದರೆ ಕ್ಯಾಮೆರಾ ಊಹೆ ಮಾಡಬೇಕಾಗುತ್ತದೆ, ಲಂಗ ಅಗಲವಾಗಿದ್ದರೆ ಮಂಡಿ ಎಲ್ಲಿದೆ ಎಂದು ತಡಕಾಡುತ್ತದೆ. ಕೈಗೂ ಕಾಲಿಗೂ ಕಟ್ಟುವ, ಕಂಪಿಸುವ ಪಟ್ಟಿಗಳೂ ಇವೆ. ಎಡಗಡೆ ಜುಮ್ಮೆಂದರೆ ಎಡ, ಬಲಗಡೆ ಜುಮ್ಮೆಂದರೆ ಬಲ. ಯಾವಾಗ, ಯಾವ ಕಡೆ ಎಂಬುದನ್ನು ಅವು ಚೆನ್ನಾಗಿ ಹೇಳುತ್ತವೆ. ಹೇಗೆ ಎಂಬುದನ್ನು ಹೇಳಲಾರವು. ಮೊಣಕೈ ಎಷ್ಟು ಮಡಚಬೇಕು ಎಂದು ಜುಮ್ಮೆನ್ನಿಸಿ ತಿಳಿಸುವುದು ಕಷ್ಟ. ಒಂದು ಚಿಕ್ಕ ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಮಗುವಿನ ಕಿವಿಗೆ ಬ್ಲೂಟೂತ್ ಇಯರ್‌ಫೋನ್ ಸಿಕ್ಕಿಸಿ ಕುಣಿಸಬೇಡಿ. ಅದರಲ್ಲಿ ಶಬ್ದ ಕ್ಷಣಮಾತ್ರ ತಡವಾಗಿ ಬರುವುದುಂಟು, ತಾಳಕ್ಕೆ ಅಷ್ಟು ಸಾಕು ಕೆಡಲು. ಮೇಲಾಗಿ ಕಿವಿ ಮುಚ್ಚಿದರೆ ಪಕ್ಕದವರ ಹೆಜ್ಜೆಯ ಸದ್ದು ಕೇಳದೆ ಮಗು ಎರಡನೆಯ ಸಲ ಕುರುಡಾದಂತೆ. ಒಂದು ಸ್ಪೀಕರನ್ನು ವೇದಿಕೆಯ ಒಂದೇ ಮೂಲೆಯಲ್ಲಿ ಸ್ಥಿರವಾಗಿ ಇಡಿ. ಹಾಡೂ ಸಿಗುತ್ತದೆ, ದಿಕ್ಕೂ ಸಿಗುತ್ತದೆ.

ಇದೆಲ್ಲದರ ಹಿಂದೆ ಇರುವುದು ಮಾತು. ಯಂತ್ರವಾಗಲಿ ಟೀಚರಾಗಲಿ, ಆಕಾರವನ್ನು ಮಾತಿನಲ್ಲಿ ಕಟ್ಟಿಕೊಡಬೇಕು. ಆ ಮಾತು ಯಾವ ಭಾಷೆಯದು ಎಂಬ ಪ್ರಶ್ನೆಗೆ ಗಡಿನಾಡಿನವರಾದ ನಾವು ಕಿವಿಗೊಡಲೇಬೇಕು. ನಾನು ನೋಡಿದ ಇಂಥ ಆಪ್‌ಗಳು ಇಂಗ್ಲಿಷಿನಲ್ಲಿ ಮಾತಾಡುತ್ತವೆ. ಮೂರನೆಯ ತರಗತಿಯ ಮಗು ಮೊದಲು ಇಂಗ್ಲಿಷನ್ನು ಬಿಡಿಸಿಕೊಂಡು, ಆಮೇಲೆ ಕೈ ಎತ್ತುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಮೈಗೆ ಹೇಳುವ ಮಾತು ಯೋಚನೆಯಿಲ್ಲದೆ ಅರ್ಥವಾಗಬೇಕು. ಹಾಗೆ ಅರ್ಥವಾಗುವುದು ಮನೆಯ ಮಾತು ಮಾತ್ರ.

ಎರಡು ಭಾಷೆಯಲ್ಲಿ ಓದಿದ ನನಗೆ ಇಲ್ಲಿ ಒಂದು ಸಂತೋಷವೂ ಇದೆ. ಭರತನಾಟ್ಯದ ಅಡವುಗಳ ಹೆಸರು ತಮಿಳಿನವು, ಆದರೆ ನಮ್ಮ ಮಕ್ಕಳಿಗೆ ಅವು ಹೊರಗಿನವಲ್ಲ. 'ತಟ್ಟಡವು' ಎಂದರೆ ತಟ್ಟುವುದು, ಎರಡು ಭಾಷೆಯಲ್ಲೂ ಒಂದೇ. 'ಅರಮಂಡಿ' ಎಂದಾಗ ಕನ್ನಡದ ಮಗುವಿಗೆ ಮಂಡಿ ಅರ್ಧ ಬಗ್ಗಬೇಕು ಎಂಬುದು ಹೆಸರಿನಲ್ಲೇ ಸಿಕ್ಕಿಬಿಡುತ್ತದೆ. 'ನಾಟ್ಟಡವಿ'ನಲ್ಲಿ ಕಾಲು ಚಾಚಿ ಹಿಮ್ಮಡಿಯನ್ನು ನೆಲಕ್ಕೆ ನಾಟಬೇಕು. ಗದ್ದೆಯಲ್ಲಿ ನಾಟಿ ಮಾಡುವವರ ಮಕ್ಕಳಿಗೆ ಆ ಪದ ವಿವರಿಸಬೇಕೇ? 'ಕುದಿತ್ತು ಮೆಟ್ಟು' ಎಂಬುದರಲ್ಲಿ ನೆಗೆಯುವ ಮಾತು ತಮಿಳು, ಮೆಟ್ಟುವ ಮಾತು ನಮ್ಮದೂ ಹೌದು. ಹೆಸರೇ ಅಪ್ಪಣೆಯಾಗಿರುವ ಇಂಥ ಪದಗಳು ಕಣ್ಣು ಕಾಣದ ಮಗುವಿಗೆ ದೊಡ್ಡ ಆಸ್ತಿ.

ಹಸ್ತಗಳಿಗೂ ಅಷ್ಟೇ. 'ಅಭಿನಯ ದರ್ಪಣ'ದಲ್ಲಿ ಒಂದು ಕೈಯ ಮುದ್ರೆಗಳು 28. ಸಂಸ್ಕೃತದ ಹೆಸರನ್ನು ಬಾಯಿಪಾಠ ಮಾಡಿಸುವ ಮೊದಲು ಮಗುವಿನ ಕೈಗೆ ಗೊತ್ತಿರುವ ಕೆಲಸವನ್ನು ನೆನಪಿಸಿ. ಮುಷ್ಟಿ ಎಂದರೆ ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ. ಹಂಸಾಸ್ಯಕ್ಕೆ ರಂಗೋಲಿ ಪುಡಿ ಬಿಡುವ ಹೆಬ್ಬೆರಳು, ತೋರುಬೆರಳು. ಉಳಿದ ಮೂರು ಬಿಚ್ಚಿರಲಿ. ಪತಾಕಕ್ಕೆ ರೊಟ್ಟಿ ತಟ್ಟುವಾಗಿನ ಅಂಗೈ, ಹೆಬ್ಬೆರಳು ಮಾತ್ರ ಸ್ವಲ್ಪ ಮಡಚಬೇಕು. ಎರಡು ಕೈಯ ಪುಷ್ಪಪುಟವಂತೂ ನಮ್ಮ ಬೊಗಸೆಯೇ. ಈ ಹೋಲಿಕೆಗಳನ್ನು ಯಾವ ಕಂಪನಿಯೂ ಬರೆದುಕೊಡುವುದಿಲ್ಲ. ನೀವೂ ಟೀಚರೂ ಕೂತು ಮಾಡಬೇಕು, ಅದರಲ್ಲೂ ಅಜ್ಜಿಯರನ್ನು ಕೇಳಬೇಕು.

ದಿಕ್ಕಿನ ಮಾತಿಗೆ ಬಂದರೆ, ಇಂಗ್ಲಿಷ್ ಕೈಪಿಡಿಗಳು ಗಡಿಯಾರದ ಮುಳ್ಳಿನ ಲೆಕ್ಕ ಹೇಳುತ್ತವೆ: ಮೂರು ಗಂಟೆಯ ಕಡೆ ಕೈ, ಒಂಬತ್ತು ಗಂಟೆಯ ಕಡೆ ಕಾಲು. ಗಡಿಯಾರದ ಮುಖವನ್ನು ಎಂದೂ ಮುಟ್ಟಿ ನೋಡದ ಮಗುವಿಗೆ ಇದರಿಂದ ಏನು ಸಿಕ್ಕೀತು? ನಮ್ಮ ಊರುಗಳಲ್ಲಿ ಹಿರಿಯರು ಇಂದಿಗೂ ಮೂಡಲು, ಪಡುವಲು, ತೆಂಕಲು, ಬಡಗಲು ಎನ್ನುತ್ತಾರೆ. ನೀಲಗಿರಿಯ ಬಡಗರ ಹೆಸರಿನಲ್ಲೇ ಬಡಗು ಇದೆ, ಉತ್ತರದಿಂದ ಬಂದವರು ಎಂಬ ಅರ್ಥದಲ್ಲಿ. ಎಡ ಬಲ ಎಂಬುದು ಮೈ ತಿರುಗಿದಂತೆ ತಿರುಗುತ್ತದೆ, ಮೂಡಲು ತಿರುಗುವುದಿಲ್ಲ. ಒಂದು ಸುತ್ತು ಹಾಕಿದ ಮೇಲೆ ದಿಕ್ಕು ತಪ್ಪುವ ಮಗುವಿಗೆ "ಮೂಡಲಿಗೆ ಮುಖ ಮಾಡಿ ನಿಲ್ಲು" ಎಂದರೆ ಬೆಳಗಿನ ಬಿಸಿಲು ಯಾವ ಕೆನ್ನೆಗೆ ಬಿತ್ತು ಎಂಬುದರಿಂದಲೇ ಅದು ಲೆಕ್ಕ ಹಾಕುತ್ತದೆ. ಬೇರೆ ಊರಿನ ವೇದಿಕೆಯಾದರೆ ಮುಂಚೆಯೇ ಕರೆದುಕೊಂಡು ಹೋಗಿ, ಸಭೆ ಯಾವ ಕಡೆ, ಪರದೆ ಯಾವ ಕಡೆ ಎಂದು ನಡೆಸಿ ತೋರಿಸಬೇಕು. ನೆಲದ ಮೇಲೆ ಗೋಣಿದಾರ ಎಳೆದು ಅದರ ಮೇಲೆ ಟೇಪು ಅಂಟಿಸಿದರೆ ಬರಿಗಾಲಿಗೆ ಗೆರೆ ಸಿಗುತ್ತದೆ. ವೇದಿಕೆಯ ಅಂಚಿಗೆ ಎರಡು ಹೆಜ್ಜೆ ಮೊದಲೇ ಒಂದು ತೆಂಗಿನ ನಾರಿನ ಚಾಪೆ ಹಾಸಿ. ಪಾದಕ್ಕೆ ನಾರು ತಾಗಿದರೆ ನಿಲ್ಲಬೇಕು ಎಂದು ಕಲಿಸಿ. ನಮ್ಮ ಕುಣಿತಗಳೆಲ್ಲ ಬರಿಗಾಲಿನವಾಗಿರುವುದು ಇಲ್ಲಿ ನಮಗೆ ಅನುಕೂಲ.

ಸ್ಪರ್ಶದ ಬಗ್ಗೆ ಬಿಚ್ಚಿ ಮಾತಾಡಬೇಕು, ಅದರಲ್ಲೂ ಹೆಣ್ಣುಮಕ್ಕಳ ತಂದೆತಾಯಿ ಕೇಳಿ. ಆಕಾರ ತಿಳಿಸಲು ಎರಡು ಕ್ರಮಗಳಿವೆ. ಒಂದು, ಟೀಚರ್ ಮಗುವಿನ ಕೈಕಾಲು ಹಿಡಿದು ಸರಿಪಡಿಸುವುದು. ಇನ್ನೊಂದು, ಟೀಚರ್ ಆ ಭಂಗಿಯಲ್ಲಿ ನಿಂತು ಮಗು ಅವರನ್ನು ಮುಟ್ಟಿ ನೋಡುವುದು. ನನ್ನ ಮತ ಎರಡನೆಯದಕ್ಕೆ. ಅಲ್ಲಿ ಮಗುವಿನ ಕೈ ಹುಡುಕುತ್ತದೆ, ಮೈ ಯಾರದೋ ಕೈಗೊಂಬೆಯಾಗುವುದಿಲ್ಲ. ಮುಟ್ಟಿ ಸರಿಪಡಿಸಲೇಬೇಕಾದಾಗ "ಈಗ ನಿನ್ನ ಮೊಣಕೈ ಹಿಡಿಯುತ್ತೇನೆ, ಸರಿಯಾ?" ಎಂದು ಮೊದಲು ಕೇಳಬೇಕು, ಎಲ್ಲರ ಎದುರಿಗೆ ನಡೆಯಬೇಕು, ಬೇಡ ಎಂದರೆ ಬಿಡಬೇಕು. ಎದುರಿಗಿರುವವರ ಮುಖ ಕಾಣದ ಮಗುವಿಗೆ ಈ ಬೇಡ ಎನ್ನುವ ಅಭ್ಯಾಸ ಇನ್ನೂ ಹೆಚ್ಚು ಅಗತ್ಯ. 2012ರ ಪೋಕ್ಸೊ ಕಾಯ್ದೆ ಎಲ್ಲ ಮಕ್ಕಳಿಗೂ ಇದೆ ಎಂಬುದನ್ನು ತರಬೇತಿ ಕೊಡಲು ಬರುವವರಿಗೆ ಮುಖ್ಯೋಪಾಧ್ಯಾಯರು ಮೊದಲ ದಿನವೇ ಹೇಳಲಿ.

ಮನುಷ್ಯರನ್ನು ಮುಟ್ಟದೆಯೂ ಕಲಿಯಬಹುದಾದದ್ದು ಬಹಳ ಇದೆ. ತಂಜಾವೂರಿನ ತಲೆಯಾಡಿಸುವ ಗೊಂಬೆಯನ್ನು ನೀವು ನೋಡಿರುತ್ತೀರಿ. ತಲೆ ಬೇರೆ, ಸೊಂಟ ಬೇರೆ, ಲಂಗ ಬೇರೆಯಾಗಿ ಅಲುಗುತ್ತವೆ. ತಲೆ ಆಡುವಾಗ ಮೈ ಸುಮ್ಮನಿರಬಹುದು ಎಂಬ ಸಂಗತಿಯನ್ನು ಆ ಗೊಂಬೆ ಬೆರಳಿಗೆ ಹೇಳಿಕೊಡುವಷ್ಟು ಚೆನ್ನಾಗಿ ನಾನು ಮಾತಿನಲ್ಲಿ ಹೇಳಲಾರೆ. ಗಣಪತಿ ಮಾಡುವವರ ಹತ್ತಿರ ಒಂದು ಮುದ್ದೆ ಮಣ್ಣು ತಂದರೆ ಭಂಗಿಯನ್ನು ಮಗುವೇ ಮಾಡಿ ತೋರಿಸುತ್ತದೆ. ಅದರ ಮನಸ್ಸಿನಲ್ಲಿರುವ ಆಕಾರ ಸರಿಯೋ ತಪ್ಪೋ ಎಂದು ಟೀಚರಿಗೆ ಆಗ ಗೊತ್ತಾಗುತ್ತದೆ.

ಮಂದದೃಷ್ಟಿಯ ಮಗುವಿನ ಸಂಗತಿ ಬೇರೆ. ಅದಕ್ಕೆ ಉಳಿದಿರುವ ದೃಷ್ಟಿಯನ್ನು ಬಳಸಬೇಕು. ಟೀಚರ್ ಹೂವಿನ ಸೀರೆ ಬಿಟ್ಟು ಒಂದೇ ಗಾಢ ಬಣ್ಣದ ಬಟ್ಟೆಯಲ್ಲಿ ಬಿಳಿ ಗೋಡೆಯ ಮುಂದೆ ನಿಲ್ಲಲಿ. ಕಿಟಕಿ ಮಗುವಿನ ಬೆನ್ನಿಗಿರಲಿ, ಕಣ್ಣಿಗೆ ಎದುರಾಗಿ ಬೇಡ. ಹೆಜ್ಜೆಯ ವಿಡಿಯೊವನ್ನು ಮೊಬೈಲಿನಲ್ಲಿ ನಿಧಾನ ವೇಗಕ್ಕೆ ಹಾಕಿ, ದೊಡ್ಡದು ಮಾಡಿ, ಮಗು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರೂ ಗದರಬೇಡಿ. ಈ ಒಂದು ಕೆಲಸಕ್ಕೆ ಮೊಬೈಲನ್ನು ಎಷ್ಟು ಹೊಗಳಿದರೂ ಕಡಿಮೆ.

ಯಾವ ಕುಣಿತದಿಂದ ಶುರು ಮಾಡುವುದು? ನನ್ನನ್ನು ಕೇಳಿದರೆ ಕೋಲಾಟ. ಎದುರಿನವರ ಕೋಲು ತಾಗಿದ ಕ್ಷಣದಲ್ಲಿ ಅವರು ಎಷ್ಟು ದೂರದಲ್ಲಿದ್ದಾರೆ, ಯಾವ ಎತ್ತರದಲ್ಲಿ ಕೈ ಹಿಡಿದಿದ್ದಾರೆ, ತಾಳ ಎಲ್ಲಿಗೆ ಬಂತು, ಮೂರೂ ಮಣಿಕಟ್ಟಿಗೆ ತಿಳಿಯುತ್ತದೆ. ಕಂಪಿಸುವ ಪಟ್ಟಿ ಮಾಡುವ ಕೆಲಸವನ್ನು ಒಂದು ಜೊತೆ ಕೋಲು ಮಾಡುತ್ತದೆ. ಮೊದಲು ಕೂತು, ಆಮೇಲೆ ನಿಂತು, ಕೊನೆಗೆ ಸುತ್ತು ಹಾಕಿ. ಜೊತೆಗಾರ ವಾರಕ್ಕೊಬ್ಬ ಬದಲಾಗದೆ ಒಬ್ಬನೇ ಇರಲಿ. ಮಾದೇಶ್ವರನ ಒಕ್ಕಲಿನವರ ಮನೆಗಳಲ್ಲಿ ಕಂಸಾಳೆಯೂ ಉಂಟು; ಕೂತು ನುಡಿಸುವ ಕಂಸಾಳೆಯನ್ನು ಖಂಡಿತ ಕಲಿಸಿ, ಬೀಸು ಕಂಸಾಳೆಯನ್ನು ಮಾತ್ರ ಅವಸರದಲ್ಲಿ ಬೇಡ, ಲೋಹ ಹಾರಿ ಬರುವ ಆಟ ಅದು. ಕಾಸರಗೋಡಿನ ಕಡೆಯವರಿಗೆ ಯಕ್ಷಗಾನದ ಹೆಜ್ಜೆಗಳಿವೆ. ಚಂಡೆ ಮದ್ದಳೆಯ ಜೊತೆಗೆ ಬಾಯಿತಾಳ ಇರುವ ಕಲೆ ಕಿವಿಯ ಮಗುವಿಗೆ ಒಲಿಯದೆ ಇರುವುದಿಲ್ಲ.

ಈ ವಾರವೇ ಆಗುವ ಕೆಲಸವೊಂದನ್ನು ಹೇಳುತ್ತೇನೆ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ. ಒಂದು ಸಲಕ್ಕೆ ಎಂಟು ಎಣಿಕೆ, ಹೆಚ್ಚು ಬೇಡ. ಮೊದಲು ತಾಳವಿಲ್ಲದೆ ವಿವರ: "ಸಭೆಯ ಕಡೆ ಮುಖ. ಹಿಮ್ಮಡಿ ಎರಡೂ ಕೂಡಿಸು, ಪಾದದ ಬೆರಳು ಹೊರಕ್ಕೆ. ಗೋಡೆಗೆ ಒರಗಿದ ಹಾಗೆ ಬೆನ್ನು ನೆಟ್ಟಗಿರಲಿ. ಈಗ ಮಂಡಿ ಬಗ್ಗಿಸು. ಕೈ ಸೊಂಟಕ್ಕೆ, ಮೊಣಕೈ ಹೊರಕ್ಕೆ. ಬಲಗಾಲು ಎತ್ತಿ ಎತ್ತಿದಲ್ಲೇ ತಟ್ಟು." ಮೊದಲು ನಡು, ಆಮೇಲೆ ಕಾಲು, ಕೊನೆಗೆ ಕೈ, ಈ ಅನುಕ್ರಮ ತಪ್ಪಬಾರದು. "ಹೀಗೆ", "ಹಾಗೆ", "ಇಲ್ಲಿ ನೋಡು" ಎಂಬ ಪದಗಳು ಬಂದರೆ ಅಳಿಸಿ ಮತ್ತೆ ಹೇಳಿ. ಆಮೇಲೆ ಅದೇ ಎಂಟನ್ನು ತಾಳದೊಂದಿಗೆ ನಿಧಾನವಾಗಿ, ಕೊನೆಗೆ ಸರಿಯಾದ ವೇಗದಲ್ಲಿ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಇದೆ. ಅದನ್ನು ಕನ್ನಡಕ್ಕೆ ಹೊಂದಿಸಿದರೆ ಪರದೆಯ ಮೇಲಿನದನ್ನು ಅದೇ ಓದಿ ಹೇಳುತ್ತದೆ, ಕಡತವನ್ನು ಮಗು ತಾನೇ ಹುಡುಕಿ ಕೇಳಿಕೊಳ್ಳುತ್ತದೆ. ಬ್ರೈಲ್ ಬಲ್ಲ ಮಗುವಾದರೆ ಹೆಜ್ಜೆಯ ಹಾಳೆಯನ್ನೂ ಮಾಡಿಸಿ. ಭಾರತಿ ಬ್ರೈಲಿನಲ್ಲಿ ಕನ್ನಡದ 'ಕ'ಗೂ ತಮಿಳಿನ 'ಕ'ಗೂ ಒಂದೇ ಚುಕ್ಕಿಗಳು. ಕನ್ನಡದಲ್ಲಿ ಕಲಿತದ್ದು ತಮಿಳಿಗೂ ಬಹುಪಾಲು ಒದಗುತ್ತದೆ, ಆದ್ದರಿಂದ ಕನ್ನಡ ಬ್ರೈಲ್ ಕಲಿಸಿದರೆ ಇಲ್ಲಿ ಉಪಯೋಗವೇನು ಎಂಬ ವಾದಕ್ಕೆ ನೀವು ಸೊಪ್ಪು ಹಾಕಬೇಕಿಲ್ಲ.

ಕೇಳುವುದಕ್ಕೆ ಸಂಕೋಚವೂ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ದೇಶಕ್ಕೆಲ್ಲ ಒಂದೇ, ಗಡಿಯ ಈಚೆಗೂ ಆಚೆಗೂ. ಅದರ 16ನೇ ಸೆಕ್ಷನ್ ಆಟ, ಮನರಂಜನೆಗಳಲ್ಲಿ ಇತರ ಮಕ್ಕಳಷ್ಟೇ ಅವಕಾಶ ಕೊಡಬೇಕು ಎನ್ನುತ್ತದೆ. 17ನೇ ಸೆಕ್ಷನ್ ಪ್ರಕಾರ ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಇರುವ ಮಗುವಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳು ಉಚಿತವಾಗಿ ಸಿಗಬೇಕು. 29ನೇ ಸೆಕ್ಷನ್ ಕಲೆ, ಸಂಸ್ಕೃತಿಯ ಪಾಠಗಳನ್ನು ಇವರಿಗೆ ಹೊಂದುವಂತೆ ಬದಲಿಸುವ ಮಾತನ್ನೂ ಆಡುತ್ತದೆ. ಸಮಗ್ರ ಶಿಕ್ಷಾ ಯೋಜನೆಯಡಿ ಬ್ಲಾಕ್ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರು ನಿಮ್ಮ ಶಾಲೆಗೆ ಬಂದಾಗ ಮಗುವಿನ ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಅವರು ತಮಿಳಿನಲ್ಲೋ ಮಲಯಾಳದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಆ ಮಗುವಿನ ಕನ್ನಡಕ್ಕೆ ತಿರುಗಿಸಿ ಹೇಳುವವರು ಒಬ್ಬರು ಬೇಕು. ಅರ್ಜಿಯಲ್ಲಿ ಮೂರು ವಾಕ್ಯ ಸಾಕು: ಮಗುವಿನ ಹೆಸರು ಮತ್ತು ತರಗತಿ, ಈ ವರ್ಷದ ಕೋಲಾಟದಲ್ಲಿ ಅದಕ್ಕೊಂದು ಜಾಗ, ಹೆಜ್ಜೆಗಳ ವಿವರ ಕನ್ನಡದಲ್ಲಿ ಧ್ವನಿಮುದ್ರಣವಾಗಿ. ಒಂದು ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ, ತಾಲೀಮು ಶುರುವಾಗುವ ಮೊದಲೇ.